ಡಿಕ್ಕಿಯಲ್ಲಿದ್ದ ಚೀಲ

ನನ್ನ ಬಾಯಿಗೆ ಬೀಗ ಹಾಕೋರು ಈ ಮನೇಲಿ ಯಾರೂ ಇಲ್ಲ, ಅದೇ ನನ್ನ ಕರ್ಮ. ತುರುವೇಕೆರೆ ಪಕ್ಕದ ಹಳ್ಳಿ ನಮ್ಮದು. ತೆಂಗಿನ ತೋಟ ನೋಡ್ಕೊಳ್ಳೋನು ನಾನೊಬ್ನೇ. ಗೌರಿ ಹಬ್ಬಕ್ಕೆ ಅಣ್ಣತಮ್ಮಂದಿರು, ಅಕ್ಕತಂಗೀರು, ಮಕ್ಕಳು ಮರಿ ಎಲ್ಲ ಬಂದು ಸೇರ್ತಾರೆ. ಬರೋವಾಗ ಕಾರಿನ ಡಿಕ್ಕಿ ಖಾಲಿ, ಹೋಗೋವಾಗ ಡಿಕ್ಕಿ ಬಾಗಿಲು ಮುಚ್ಚಲ್ಲ. ಅಡುಗೆಗೆ ಕಾಯಿ ಒಯ್ಯಲಿ, ಬೇಡ ಅಂದೋನಲ್ಲ ನಾನು. ಆದ್ರೆ ಅಟ್ಟದ ಮೇಲೆ ವರ್ಷವೆಲ್ಲ ಕಾದು ಒಣಗಿಸಿದ ಕೊಬ್ಬರಿಕಾಯಿಗೆ ಯಾರಾದ್ರೂ ಕೈ ಹಾಕಿದ್ರೆ ಮೈಯೆಲ್ಲ ಉರಿಯುತ್ತೆ. ರೇಟು ಏರಿದ ಮೇಲಂತೂ ಕೇಳಲೇಬೇಡಿ.

ಇಷ್ಟು ಜನದಲ್ಲಿ ಗಿರಿಜಾ ಅಂದ್ರೆ ನಂಗೆ ಪ್ರಾಣ. ಕೊನೇ ತಂಗಿ. ಅವ್ವ ಹೋದ ಮೇಲೂ ಒಂದು ಗೌರಿ ತಪ್ಪಿಸದೆ ದಾವಣಗೆರೆಯಿಂದ ಬರ್ತಾಳೆ. ಅವಳು ಬಂದ್ರೇನೇ ನಂಗೆ ಹಬ್ಬ.

ಈ ಸಲ ಗಣೇಶನ್ನ ಬಿಟ್ಟು ಬಂದ ಮಾರನೇ ದಿನ ಎಲ್ಲರೂ ಹೊರಟು ನಿಂತಿದ್ರು. ಗಿರಿಜಾಳ ಕಾರಿನ ಡಿಕ್ಕಿ ತೆಗೆದಿತ್ತು. ಒಳಗೆ ಬಾಯಿ ಕಟ್ಟಿದ ಗೋಣಿಚೀಲ. ಯಾವುದೋ ಮಗು ಅದಕ್ಕೆ ಒರಗಿದ್ದೇ ತಡ, ಲೊಟಲೊಟ ಅಂತು. ಕೊಬ್ಬರಿಕಾಯಿ ಸದ್ದು ನಂಗೆ ಯಾರಾದ್ರೂ ಹೇಳಿಕೊಡ್ಬೇಕಾ?

"ಏನವ್ವಾ ಗಿರಿಜಾ, ಅಟ್ಟನೇ ಇಳಿಸ್ಕೊಂಡು ಹೊರಟಂಗಿದೆ?"

"ಇಲ್ಲಣ್ಣ, ಅದು..."

"ಬಾಯಿ ಬಿಟ್ಟು ಕೇಳಿದ್ರೆ ನಾನು ಕೊಡ್ತಿರಲಿಲ್ವಾ? ಕದ್ದು ತುಂಬೋದು ಯಾವಾಗಿಂದ ಕಲಿತೆ?"

ಜಗಲಿ ಮೇಲಿದ್ದೋರೆಲ್ಲ ಇತ್ತ ತಿರುಗಿದ್ರು. ನನ್ನ ಹೆಂಡತಿ ಸುನಂದಾ ಒಳಗಿಂದ ಓಡಿ ಬಂದ್ಲು. "ರೀ, ಸುಮ್ನಿರ್ರೀ, ಅದನ್ನ ನಾನೇ..."

"ನೀನು ಒಳಗೆ ನಡಿಯೇ" ಅಂತ ಗದರಿದೆ. "ಬಿಚ್ಚಿ ತೋರಿಸ್ಲಿ, ಎಲ್ಲರೂ ನೋಡ್ಲಿ."

ಗಿರಿಜಾಳ ಗಂಡ ಹಾಲಸ್ವಾಮಿ ಮಾತಾಡೋರಲ್ಲ. ಆ ಚೀಲಾನ ಒಂದೇ ಕೈಲಿ ಎತ್ತಿದ್ರು. ಕೊಬ್ಬರಿಕಾಯಿ ಚೀಲ ಒಂದು ಕೈಗೆ ಬರುತ್ತಾ? ಅವಾಗ್ಲಾದ್ರೂ ನಂಗೆ ಗೊತ್ತಾಗ್ಬೇಕಿತ್ತು. ಹಗ್ಗ ಬಿಚ್ಚಿ ಅಂಗಳಕ್ಕೆ ಸುರಿದ್ರು.

ಬರೀ ಕರಟ. ಕೊಬ್ಬರಿ ತೆಗೆದ ಮೇಲೆ ಹಿತ್ತಲಲ್ಲಿ ಗುಡ್ಡೆ ಹಾಕ್ತೀವಲ್ಲ, ಆ ಖಾಲಿ ಚಿಪ್ಪು.

"ಲಿಖಿತಾಗೆ ದಿನ ತುಂಬ್ತಾ ಬಂತಣ್ಣ" ಅಂದ್ಲು ಗಿರಿಜಾ. ಲಿಖಿತಾ ಅವಳ ಮಗಳು. "ಮಗೂಗೆ ನೀರು ಹಾಕಿದ ಮೇಲೆ ಸಾಂಬ್ರಾಣಿ ಹೊಗೆ ಕೊಡೋಕೆ ನಮ್ಮ ಕರಟದ ಕೆಂಡನೇ ಆಗ್ಬೇಕು ಅಂತಿದ್ಲು ಅವ್ವ. ಅದಕ್ಕೇ ಅತ್ಗೇನ ಕೇಳಿ ತುಂಬಿಸ್ಕೊಂಡೆ."

ಥೂ ನನ್ನ ಜನ್ಮಕ್ಕೆ! ತೋಟದಲ್ಲಿ ಪಾಲು ಬೇಡ ಅಂತ ನಗ್‌ನಗ್ತಾ ಸೈನ್ ಹಾಕಿಕೊಟ್ಟೋಳು ಇವಳು. ಅವಳನ್ನ ಗಂಡನ ಮುಂದೆ, ಇಡೀ ಮನೆಯೋರ ಮುಂದೆ, ಕಳ್ಳಿ ಮಾಡ್ಬುಟ್ಟೆ. ಯಾರ ಮುಖಾನೂ ನೋಡೋಕಾಗ್ಲಿಲ್ಲ. ಕುಕ್ಕರಗಾಲಲ್ಲಿ ಕೂತು ಎರಡೂ ಕೈಲಿ ಕರಟ ಬಾಚಿ ಬಾಚಿ ಚೀಲಕ್ಕೆ ತುಂಬೋಕೆ ಶುರು ಮಾಡ್ದೆ. "ತಪ್ಪಾಯ್ತು ಕಣವ್ವ, ನಿನ್ನ ದಮ್ಮಯ್ಯ, ತಗೊಂಡ್ಹೋಗು. ಕೊಬ್ಬರೀನೂ ಹಾಕಿಕೊಡ್ತೀನಿ."

ಗಿರಿಜಾ ನನ್ನ ಕೈಯಿಂದ ಚೀಲ ತಗೊಂಡ್ಲು. ನಾನು ತುಂಬಿದ್ದನ್ನೆಲ್ಲ ಮೆಲ್ಲಗೆ ಅಲ್ಲೇ ಸುರಿದ್ಲು. ಚೀಲದ ಧೂಳು ಕೊಡವಿ, ನೀಟಾಗಿ ಮಡಚಿ, ನನ್ನ ಕೈಗಿಟ್ಟಳು.

"ಚೀಲಾನೂ ನಿಂದೇ ಅಣ್ಣ" ಅಂದ್ಲು.