ಕಾಲರಿನೊಳಗೆ ಹೊಲಿದ ಪದಗಳು

ನಮ್ಮ ಹೊಲಿಗೆ ವಿಭಾಗದ ಹೆಂಗಸರು ಮೊಬೈಲಿನ ಆ್ಯಪಿನಲ್ಲಿ ತಮ್ಮತಮ್ಮೊಳಗೆ ಆಡಿಕೊಂಡ ಮಾತನ್ನು ಕಂಪನಿ ಓದಿತು. ಓದಿ, ನನ್ನ ಅತ್ತಿಗೆಯನ್ನು ಕೆಲಸದಿಂದ ತೆಗೆಯಿತು.

ಅತ್ತಿಗೆ ಬರೆದದ್ದು ಇಷ್ಟೇ: ಶೌಚಾಲಯಕ್ಕೆ ಹೋದ ಹೊತ್ತನ್ನೂ ಸಂಬಳದಲ್ಲಿ ಮುರಿಯುತ್ತಾರೆ, ಒಟ್ಟಿಗೆ ಹೋಗಿ ಕೇಳೋಣ.

ಅವಳು ಮುಸುಕು ಹೊದ್ದು ಮಲಗುವವರ ಪೈಕಿಯಲ್ಲ. ನಮ್ಮ ಕೇರಿಯ ಓದುಬಳಗಕ್ಕೆ ಬರುತ್ತಿದ್ದ ರೇಡಿಯೊ ರಿಪೇರಿಯವನನ್ನು ಹಿಡಿದು ಆ ಕೆಲಸ ಕಲಿತಳು. ಗುಜರಿಯಿಂದ ಸಾಮಾನು ತಂದು ಫೋನಿನಲ್ಲಿ ಬರೆದದ್ದನ್ನು ಸಾಗಿಸುವ ಪುಟ್ಟ ಪೆಟ್ಟಿಗೆಗಳನ್ನು ಕಟ್ಟಿ ಮನೆಮನೆಗೆ ಕೊಟ್ಟಳು. ಮಾತು ನಮ್ಮ ಪೆಟ್ಟಿಗೆಯಿಂದ ಹೊರಟು ಬೀಗ ಹಾಕಿಕೊಂಡೇ ನಿಮ್ಮ ಪೆಟ್ಟಿಗೆಗೆ ಹೋಗುತ್ತಿತ್ತು. ನಡುವೆ ಯಜಮಾನನಿಲ್ಲ. ಬೀಗದ ಕೈ ಎಂದರೆ ಒಂದು ಸಾಲು ಪದಗಳು, ಅವರವರದು ಅವರವರ ಹತ್ತಿರ.

ಎಂಥ ದಿನಗಳವು! ಅತ್ತಿಗೆಯ ಕೋಣೆಯ ತುಂಬ ಇಸ್ತ್ರಿಯ ಬಿಸಿ ವಾಸನೆ, ಬಟ್ಟೆರಾಶಿಯ ಮೇಲೆ ನಾವು. ಮಾತು ಎಷ್ಟು ನಿಧಾನವಾಗಿ ತಲುಪುತ್ತಿತ್ತೆಂದರೆ, ಎದುರುಮನೆಯ ಗುಂಡಕ್ಕ ಕಿಟಕಿಯಿಂದಲೇ ಕೂಗುತ್ತಿದ್ದಳು: "ಬಂತೇನ್ರೇ? ಇಲ್ಲಾಂದ್ರೆ ನಾನೇ ಬಂದು ಹೇಳಿ ಹೋಗ್ತೀನಿ!"

ಪದಗಳನ್ನು ಕಾಗದದಲ್ಲಿಟ್ಟರೆ ಕಳೆದುಹೋಗುತ್ತವೆಂದು ಗುಂಡಕ್ಕ ಸೀರೆಯ ಮೇಲೆ ತೊಡುವ ಸಮವಸ್ತ್ರದ ಕಾಲರಿನ ಒಳಮೈಗೆ ಹೊಲಿದುಕೊಂಡಳು. ಸೂಜಿ ಹಿಡಿದವಳಿಗೆ ಅದಕ್ಕಿಂತ ಭದ್ರ ಜಾಗ ಯಾವುದಿದ್ದೀತು? ಕಂಪನಿ ಹೊಸ ಸಮವಸ್ತ್ರ ಕೊಟ್ಟು ಹಳೆಯದನ್ನು ವಾಪಸು ಪಡೆಯಿತು. ಗಡಿಬಿಡಿಯಲ್ಲಿ ಅವಳೂ ಕೊಟ್ಟುಬಿಟ್ಟಳು.

"ನನ್ನ ಪೆಟ್ಟಿಗೆ ಬೀಗ ಬಿಚ್ಚಿಕೊಡೇ ತಾಯಿ," ಎಂದು ಅತ್ತಿಗೆಯನ್ನು ಕೇಳಿದಳು.

"ನನ್ನ ಹತ್ರ ಇಲ್ಲ ಅಕ್ಕ. ನನಗೆ ಬಿಚ್ಚೋಕೆ ಬಂದ್ರೆ ಕಂಪನಿಗೂ ಬರುತ್ತೆ."

"ಮರೆತೋರಿಗೆ ದಿಕ್ಕಿಲ್ಲದ ಬೀಗ ಕಟ್ಟಿಕೊಂಡು ಏನು ಮಾಡ್ಲಿ? ಹಳೇ ಆ್ಯಪಲ್ಲಿ ಮೊಮ್ಮಗು ಫೋಟೊ ಆದ್ರೂ ಬರುತ್ತೆ."

ಗುಂಡಕ್ಕ ಹಳೆಯ ಆ್ಯಪಿಗೆ ಮರಳಿದಳು. ಒಬ್ಬೊಬ್ಬರೇ ಹಿಂದೆ ಹೋದರು: ನೆಂಟರು ಅಲ್ಲಿ, ಮಗುವಿನ ಶಾಲೆ ಅಲ್ಲಿ, ಮನೆ ಬಾಡಿಗೆ ಕೇಳುವವನೂ ಅಲ್ಲಿ. ಯಾರನ್ನು ಬೈಯಲಿ? ಸುಸ್ತಾದವರಿಗೆ ಸುಲಭವಾದ ಬಾಗಿಲನ್ನಷ್ಟೇ ತೆರೆದಿಟ್ಟು ಅದರ ಹಿಂದೆ ಕಿವಿಗೊಟ್ಟು ಕೂತವರನ್ನು ಬೈಯುತ್ತೇನೆ.

ಕೊನೆಗೆ ದೀಪ ಉರಿಯುತ್ತ ಉಳಿದದ್ದು ಎರಡೇ ಪೆಟ್ಟಿಗೆ, ನನ್ನದು ಮತ್ತು ಅತ್ತಿಗೆಯದು. ಅವಳೀಗ ಬೇರೆ ಊರಿನಲ್ಲಿ ಇದೇ ಕಂಪನಿಯ ಇನ್ನೊಂದು ಕಾರ್ಖಾನೆಯಲ್ಲಿದ್ದಾಳೆ, ಗುರುತು ಸಿಗದಿರಲೆಂದು ಗಂಡನ ಮನೆಯ ಹೆಸರು ಸೇರಿಸಿಕೊಂಡು. ಅಲ್ಲಿಯೂ ಹೆಂಗಸರನ್ನು ಒಟ್ಟುಗೂಡಿಸುತ್ತಿದ್ದಾಳೆ. ಬೆಳಿಗ್ಗೆ ಅವಳ "ಎದ್ದೆಯಾ ಸೋಮಾರಿ?" ಓದದೆ ನಾನು ಒಲೆ ಹಚ್ಚುವುದಿಲ್ಲ.

ಇವತ್ತು ಮೇಲ್ವಿಚಾರಕ ಹಾಜರಿಗೆ ಹೊಸ ಆ್ಯಪ್ ತಂದ. ಫೋನಿನ ಪರದೆಯ ಮೇಲೆ ಬರುವುದನ್ನೆಲ್ಲ ಅದು ನೋಡುತ್ತದೆ. ಅಂದರೆ ಅತ್ತಿಗೆ ನನಗೆ ಬರೆಯುವುದನ್ನೂ.

"'ಸಮ್ಮತಿ' ಅಂತಿದೆಯಲ್ಲ, ಒತ್ತಮ್ಮ. ಒತ್ತದೋರಿಗೆ ನಾಳೆಯಿಂದ ಕೆಲಸ ಇಲ್ಲ."

ಹಿಂದೆ ನಿಂತಿದ್ದ ಗುಂಡಕ್ಕ ಪಿಸುಗುಟ್ಟಿದಳು: "ಒತ್ತಿಬಿಡೇ. ನಾವೆಲ್ಲ ಒತ್ತಿಲ್ವಾ?" ಅವಳ ಕೈ ಮಾತ್ರ ತನ್ನ ಕಾಲರಿನ ಒಳಗನ್ನು ತಡವುತ್ತಿತ್ತು.

ನಾನು ಫೋನನ್ನು ಸೆರಗಿನೊಳಗೆ ಸೇರಿಸಿದೆ.

"ಒತ್ತಲ್ಲ."