ಯಮುನಿಗೊಂದು ಪಟ

ಆ ಕೆಂಪು ಯಾಕೆ ಅಂಚಿಗೇ ಹೋಗಿ ನಿಂತಿದೆ, ಇಡೀ ಹಾಳೆ ಹಳದಿ, ನಡುವೆ ಎರಡು ಕಪ್ಪು ಗೀಟು, ಜಾಗ ಬೇಕಾದಷ್ಟಿತ್ತಲ್ಲ, ಒಳಗೆ ಬಂದು ಕೂರಬಾರದಿತ್ತೆ – ಸೊರಬದ ಬಸ್ಸು ಬರುವತನಕ ನೆರಳಿಗೆಂದು ಶಿಕಾರಿಪುರದ ಪೇಟೆಯಲ್ಲಿ ಪಟಕ್ಕೆ ಕಟ್ಟು ಹಾಕುವ ನಜೀರ್ ಸಾಬರ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದ ವರದಮ್ಮ ನೋಡಿಯೇ ನೋಡಿದಳು, ಗೋಡೆಯ ತುಂಬ ಕಟ್ಟು ಹಾಕಿದ ಲಕ್ಷ್ಮಿ, ಸರಸ್ವತಿ, ಸತ್ತವರ ಫೋಟೋಗಳು, ಎಲ್ಲರಿಗೂ ಕಣ್ಣು ಮೂಗು ಇದೆ, ಇದೊಂದಕ್ಕೆ ಇಲ್ಲ. ಬೊಂಬಾಯಿ ಮ್ಯೂಸಿಯಮ್ಮಿಂದ ತರಿಸಿದ ಅಚ್ಚಿನ ಚಿತ್ರ ಅಮ್ಮಾ, ಅಂದರು ಸಾಬರು, ಎಂಥಾ ಕಾಗದ ನೋಡ್ರಿ, ಅಂಜನಾಪುರದ ಇಂಜಿನಿಯರ್ ಸಾಹೇಬ್ರು ಕಟ್ಟು ಹಾಕಾಕೆ ಕೊಟ್ಟಿದ್ರು, ವರ್ಗ ಆತು, ಮಾರ್ಕೋ ಅಂದು ಹೋದ್ರು, ಆದ್ರೆ ಇದ್ರಾಗೆ ಏನೂ ಇಲ್ರೀ – ಪಾಪ, ಮಾರುವವರು ಆಡುವ ಮಾತೇ ಅದು? ಏನೂ ಇಲ್ಲದಿದ್ದರೇ ಒಳ್ಳೆಯದು, ಯಾರದೋ ಮಗುವಿನ ಮುಖ ಇರುವುದಕ್ಕಿಂತ, ಮಗಳು ಯಮುನಿಯ ಮುಖವಂತೂ ಎಲ್ಲೂ ಇಲ್ಲ, ಕನ್ನಡ ರಾಜ್ಯ ಒಂದಾಯಿತೆಂದು ಸೊರಬದ ಶಾಲೆಯಲ್ಲಿ ಪೆಪ್ಪರಮೆಂಟು ಹಂಚಿ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದ ದಿನ, ಎಳೆಮಕ್ಕಳ ಫೋಟೋ ತೆಗೆಸಿದರೆ ಆಯುಸ್ಸು ಕಡಿಮೆಯಾಗುತ್ತದೆಂದು ವರದಮ್ಮನೇ ಓಡಿಹೋಗಿ ಸಾಲಿನ ತುದಿಯಿಂದ ಮಗಳನ್ನು ಎಳೆದುಕೊಂಡಿದ್ದಳು, ಬಿಡೇ ಅವ್ವಾ, ನಾನೂ ನಿಲ್ತೀನಿ, ಬಿಡೇ – ಅತ್ತೆ ಲೋಕಮ್ಮ ಮೆಚ್ಚಿಕೊಂಡರು, ಒಳ್ಳೇದು ಮಾಡ್ದೆ ಕಣೆ – ಆಯುಸ್ಸು ಉಳಿಸಿದಳಂತೆ ತಾಯಿ, ಮುಂದಿನ ಶ್ರಾವಣ ಕಾಣಲಿಲ್ಲ ಕೂಸು, ಜ್ವರ ಏರಿದ್ದು ಇಳಿಯಲೇ ಇಲ್ಲ. ಆ ಫೋಟೋ ಶಾಲೆಯ ಗೋಡೆಯಲ್ಲಿ ಈಗಲೂ ಇದೆ, ಅಂಚಿನಲ್ಲೊಂದು ಕಲೆ, ಎಳೆಯುವ ಹೊತ್ತಿಗೆ ಕ್ಯಾಮರಾಕ್ಕೆ ಸಿಕ್ಕಿದ್ದು ಅಷ್ಟೇ, ಮುಖವಿಲ್ಲದ ಬೂದುಕಲೆ, ಅದು ಕೆಂಪು ಲಂಗವೆಂದು ತಿಳಿದದ್ದು ಇವಳೊಬ್ಬಳಿಗೇ. ಈಗೀಗ ಮುಖ ಮರೆಯುತ್ತಿದೆ, ಅದೇ ಹೆದರಿಕೆ, ಹುಬ್ಬು ನೆನಪಾದರೆ ಬಾಯಿ ಹೋಗುತ್ತದೆ, ಬಾಯಿ ಹಿಡಿದರೆ ಕಣ್ಣು, ನಾಳೆ ಎಲ್ಲವೂ ಹೋದರೆ – ಅಂಥದೊಂದು ಕೂಸು ಇತ್ತು ಅನ್ನುವುದಕ್ಕೆ ಗೋಡೆಯ ಮೇಲೆ ಏನಾದರೂ ಬೇಕು, ಒಂದು ಹೂ ಏರಿಸಲಿಕ್ಕಾದರೂ. ಮನೆಗೆ ಒಯ್ದರೆ ಗಂಡ ಜಟ್ಟಪ್ಪ ಕೂಗಾಡುತ್ತಾನೆ, ಎಂತ ಇದು, ಬಣ್ಣ ಚೆಲ್ಲಿದ ಹಾಳೆ ಹೊತ್ಕಂಡು ಶಿಕಾರಿಪುರದಿಂದ ಬಂದ್ಯಲ್ಲ, ಬುದ್ಧಿ ನೆಟ್ಟಗಿದ್ಯನೆ ನಿಂಗೆ – ಬೈಯಲಿ, ಬೈಯುವ ನೆಪದಲ್ಲಾದರೂ ಮಗಳ ಹೆಸರೆತ್ತಲಿ, ಸತ್ತಂದಿನಿಂದ ಎತ್ತಿಲ್ಲ ಪುಣ್ಯಾತ್ಮ. ಇದನ್ನೇ ಕೊಡಿ ಸಾಬ್ರೆ, ಎಂದಳು.

ಸಾಬರು ಬಾಯಲ್ಲಿ ಮೊಳೆ ಕಚ್ಚಿಕೊಂಡು, ಗೋಡೆಗೆ ತೂಗುಹಾಕುವ ಕೊಕ್ಕೆ ಹುಡುಕಿ ತಂದು, ಪಟವನ್ನು ಅವಳ ಮುಂದೆ ಎತ್ತಿ ಹಿಡಿದರು, ತಿರುಗಿಸಿದರು, ಮತ್ತೆ ತಿರುಗಿಸಿದರು, ಮೊಳೆ ಉಗುಳಿಕೊಂಡು ಕೇಳಿದರು, ದೇವ್ರಾದ್ರೆ ಗೊತ್ತಾಗ್ತತಿ, ಮನುಷ್ಯರಾದ್ರೆ ಗೊತ್ತಾಗ್ತತಿ, ಇದಕ್ಕೆ ತಲೆ ಯಾವ ಕಡೆ ಅಮ್ಮಾ? ತಲೆ ಯಾವ ಕಡೆ – ಕೂಸು ಹೋದ ದಿನ ಜಟ್ಟಪ್ಪನೂ ಕೇಳಿದ್ದ, ಅಂಗಳದಲ್ಲಿ ಚಾಪೆ ಹಾಸಿ, ಕೂಸನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ತಲೆ ಯಾವ ಕಡೆ ಮಾಡ್ಬೇಕು, ಹೇಳೇ, ಹೇಳೇ, ಈಗ ಸಾಬರು ಪಟವನ್ನು ಹೀಗೆ ಹಿಡಿದರೆ ಕೆಂಪು ಒಳಗೆ ಬರುತ್ತದೆ, ಹಾಗೆ ಹಿಡಿದರೆ ಹೊರಗೆ ಹೋಗುತ್ತದೆ, ಹೀಗೆ, ಅಲ್ಲ, ಹಾಗೆ, ತಲೆ ಯಾವ ಕಡೆ, ಅಂಚಿನಲ್ಲಿ ಕೆಂಪು, ಯಾರೋ ಎಳೆಯುತ್ತಿರುವ ಕೆಂಪು, ಎಳೆಯುತ್ತಲೇ ಇರುವ –