ಒಂದು ಗೆರೆ ಕೆಳಗೆ

ಕಿಸುಮುವಿನ ತಾಂತ್ರಿಕ ಕಾಲೇಜಿನ ಶೈತ್ಯೀಕರಣ ವಿಭಾಗದ ವಿದ್ಯಾರ್ಥಿಗಳಲ್ಲಿ ಅಲುವೋಚ್ ಎಲ್ಲರಿಗಿಂತ ಹಿರಿಯಳು. ಇಪ್ಪತ್ತು ವರ್ಷ ಸೈಕಲ್ಲಿಗೆ ಬುಟ್ಟಿ ಕಟ್ಟಿಕೊಂಡು ಮೀನು ಮಾರಿದವಳು. ಸರೋವರದ ದಂಡೆಯ ಮೀನುಗಾರರ ಸಂಘ ಹೊಸ ತಂಪುಕೋಣೆ ಕಟ್ಟಿಸಿತ್ತು. ಈ ತಿಂಗಳೊಳಗೆ ಪ್ರಮಾಣಪತ್ರ ತಂದರೆ ಅದರ ಉಸ್ತುವಾರಿ ನಿನ್ನದು, ಇಲ್ಲವಾದರೆ ಬೇರೆಯವರನ್ನು ನೋಡುತ್ತೇವೆ ಎಂದು ಸಂಘದವರು ಅವಳಿಗೆ ಹೇಳಿದ್ದರು.

ಉಳಿದದ್ದು ಒಂದೇ ಪರೀಕ್ಷೆ. ತಾಮ್ರದ ಪೈಪುಗಳನ್ನು ಬೆಸೆದು, ಒಳಗೆ ನೈಟ್ರೋಜನ್ ತುಂಬಿ, ಒತ್ತಡದ ಮೀಟರಿನ ಮುಳ್ಳನ್ನು ಇಪ್ಪತ್ತಕ್ಕೆ ನಿಲ್ಲಿಸಿ ಮನೆಗೆ ಹೋಗಬೇಕು. ಮರುದಿನ ಹತ್ತು ಗಂಟೆಗೆ ವಸೊಂಗ ಮೇಷ್ಟರು ಬಂದು ನೋಡುವಾಗ ಮುಳ್ಳು ಅರ್ಧ ಗೆರೆ ಇಳಿದಿದ್ದರೂ ಬೆಸುಗೆ ಸೋರುತ್ತಿದೆ ಎಂದೇ ಲೆಕ್ಕ.

ಬೆಳಿಗ್ಗೆ ಏಳೂವರೆಗೆ ಅವಳೂ ಪಕ್ಕದ ಮೇಜಿನ ಒಕಿಂಡನೂ ಬಂದು ನೋಡಿದರೆ ಎರಡು ಮುಳ್ಳೂ ಹತ್ತೊಂಬತ್ತರಲ್ಲಿದ್ದವು. ಒಕಿಂಡ ಅವಸರದ ಹುಡುಗ. ಹತ್ತರೊಳಗೆ ಮತ್ತೆ ಬೆಸೆದುಬಿಡುತ್ತೇನೆಂದು ನೈಟ್ರೋಜನ್ ಹೊರಬಿಟ್ಟು ಪೈಪು ಕತ್ತರಿಸಿಯೇಬಿಟ್ಟ.

"ಏನವ್ವಾ, ಬಲೆ ಹಾಕ್ಕೊಂಡು ಕೂತಂಗೆ ಕೂತಿದೀಯ? ಮೀಟರಲ್ಲಿ ಮೀನು ಬೀಳಲ್ಲ. ಕತ್ತರಿಸು."

ಅಲುವೋಚ್ ಪ್ರತಿ ಬೆಸುಗೆಗೂ ಸೋಪಿನ ನೊರೆ ಹಚ್ಚಿದಳು. ಎಲ್ಲೂ ಗುಳ್ಳೆ ಏಳಲಿಲ್ಲ. ಕತ್ತರಿಯತ್ತ ಹೋದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಬೆಳಗಿನ ತಂಪಿನಲ್ಲಿ ಅದುಮಿದರೆ ಒಳಗೆ ಹೋಗುತ್ತಿದ್ದ ಅವಳ ಸೈಕಲ್ಲಿನ ಟೈರು, ಪಂಪು ಮುಟ್ಟಿಸದಿದ್ದರೂ ಮಧ್ಯಾಹ್ನಕ್ಕೆ ಕಲ್ಲಿನಂತಾಗುತ್ತಿದ್ದದ್ದು ನೆನಪಾಯಿತು. ನಿನ್ನೆ ಪೈಪಿಗೆ ನೈಟ್ರೋಜನ್ ತುಂಬಿದ್ದು ಎರಡು ಗಂಟೆಗೆ, ಬೆವರು ಕಣ್ಣಿಗಿಳಿಯುವ ಸೆಕೆಯಲ್ಲಿ. ಕಳೆದ ವರ್ಷದವರೆಗೆ ಪರೀಕ್ಷೆ ಹಳೆಯ ಕಲ್ಲುಕಟ್ಟಡದಲ್ಲಿ ನಡೆಯುತ್ತಿತ್ತು, ಈಗ ಹಗಲು ಕಾದು ರಾತ್ರಿ ತಣ್ಣಗಾಗುವ ತಗಡಿನ ಶೆಡ್ಡು.

ಹತ್ತಕ್ಕೆ ಮೇಷ್ಟರು ಬಂದಾಗ ಮುಳ್ಳು ಹತ್ತೊಂಬತ್ತೂವರೆಯಲ್ಲಿತ್ತು. ಸೋತಳೆಂದು ಬರೆಯಲು ಅವರು ಪೆನ್ನು ತೆಗೆದರು.

"ಮೇಷ್ಟ್ರೇ, ಸೋರೋ ಪೈಪಲ್ಲಿ ಮುಳ್ಳು ಮೇಲೆ ಹತ್ತುತ್ತಾ? ಬೆಳಿಗ್ಗೆ ಇದು ಹತ್ತೊಂಬತ್ತಿತ್ತು. ನಾವು ತುಂಬಿದ್ದು ಎರಡು ಗಂಟೆಗೆ. ಎರಡು ಗಂಟೆಗೇ ನೋಡಿ."

ಇನ್ನಷ್ಟು ಸಮಯ ಕೇಳದ ವಿದ್ಯಾರ್ಥಿಯನ್ನು ತಾನಿನ್ನೂ ಕಂಡಿಲ್ಲವೆಂದು ಮೇಷ್ಟರು ಗೊಣಗಿದರು.

"ಎರಡು ಗಂಟೆಗೂ ಕೆಳಗೇ ಇದ್ರೆ ಏನ್ಮಾಡ್ತೀಯ, ಉಗೆನ್ಯ ಸೀಮೆಯ ಮಗಳೇ?"

"ನೀವು ಬರೆಯೋದೇ ಬೇಡ. ಸೋತೆ ಅಂತ ನಾನೇ ಬರ್ಕೊಡ್ತೀನಿ."

ಯಾರೂ ಮತ್ತೆ ತುಂಬದಂತೆ ಅವರು ಪೈಪಿನ ತುಂಬುವ ಬಾಯಿಗೆ ತಮ್ಮದೇ ಬೀಗ ಹಾಕಿ ಹೋದರು. ಅವಳು ಊಟಕ್ಕೂ ಏಳಲಿಲ್ಲ. ಹನ್ನೆರಡಕ್ಕೆ ಬಿಸಿಲಿಗೆ ತಗಡು ಚಟಚಟ ಎನ್ನತೊಡಗಿತು. ಒಂದು ಗಂಟೆಗೆ ಮುಳ್ಳು ಇಪ್ಪತ್ತರ ಗೆರೆಗಿಂತ ಕೂದಲೆಳೆಯಷ್ಟು ಕೆಳಗೆ ನಿಂತು ಮಿಸುಕಲಿಲ್ಲ. ಸಂಘದ ಅಧ್ಯಕ್ಷನಿಗೆ ಏನು ಹೇಳಲಿ ಎಂದು ಅವಳು ಮನಸ್ಸಿನಲ್ಲೇ ಮಾತು ಜೋಡಿಸತೊಡಗಿದಳು.

ಎರಡಕ್ಕೆ ಮೇಷ್ಟರು ಬೀಗ ಪರೀಕ್ಷಿಸಿದರು, ಗಾಜಿಗೆ ಬೆರಳಿನಿಂದ ತಟ್ಟಿದರು. ಮುಳ್ಳು ಸರಿಯಾಗಿ ಇಪ್ಪತ್ತರ ಮೇಲಿತ್ತು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಬಗ್ಗಿ ನೋಡಿದರು.

"ಶೆಡ್ಡು ಬದಲಾಯ್ತು, ನಾನು ನೋಡೋ ಗಂಟೆ ಬದಲಾಗ್ಲಿಲ್ಲ," ಎಂದು ಮೆಲ್ಲಗೆ ಹೇಳಿ, ಅವಳ ಹಾಳೆಗೆ ಸಹಿ ಹಾಕಿದರು. ಆಮೇಲೆ ಒಕಿಂಡನ ಮೇಜಿನ ಮೇಲೆ ಬಿದ್ದಿದ್ದ ಪೈಪಿನ ತುಂಡುಗಳನ್ನು ನೋಡಿ, ಮತ್ತೆ ಬೆಸೆದು ತುಂಬಿ ನಾಳೆ ಅದೇ ಹೊತ್ತಿಗೆ ತೋರಿಸಲು ಅವನಿಗೂ ಗಡುವು ಕೊಟ್ಟರು.

ಒಕಿಂಡ ತಲೆ ಎತ್ತಲಿಲ್ಲ. ಅಲುವೋಚ್ ಸಹಿಯಾದ ಹಾಳೆಯನ್ನು ಮಡಿಸಿ ರವಿಕೆಯೊಳಗಿಟ್ಟುಕೊಂಡು, ಅವನ ಪಕ್ಕ ಕುಳಿತು, ಪೈಪಿನ ತುದಿಗಳನ್ನು ಉಜ್ಜುಕಾಗದದಿಂದ ಉಜ್ಜತೊಡಗಿದಳು.

"ನಾಳೆ ಬೆಳಿಗ್ಗೆ ಮತ್ತೆ ಇಳಿದ್ರೆ, ಅವ್ವಾ?"

"ಇಳಿದೇ ಇಳಿಯುತ್ತೆ. ನೀನು ಮಾತ್ರ ಕತ್ತರಿ ಮುಟ್ಬೇಡ."